ಗೊತ್ತು ಅನ್ನಬಾರದ ಮನೆ

ದೀಪ ಹಚ್ಚಿದ ಮೇಲೆ ನಾನು ಇವತ್ತಿಗೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಸಂಜೆಯಾದರೆ ಅಜ್ಜಿಯ ವಾಲ್ಯೂಮ್ ತಾನಾಗಿಯೇ ಇಳಿಯುತ್ತದೆ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು. ಕುರುಬರಹಳ್ಳಿಯ ನಮ್ಮ ಹೆಂಚಿನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಮಾತೆಲ್ಲ ಪಿಸುಮಾತೇ. ಬೀದಿಗೆ ಜಗಲಿ, ಒಳಗೆ ನಡುಮನೆ, ಅದರಾಚೆ ಹೊಗೆ ಹಿಡಿದ ಅಡಿಗೆಮನೆ, ಪಕ್ಕಕ್ಕೆ ದನದ ಕೊಟ್ಟಿಗೆ. ನಡುಮನೆಯ ಮೇಲೊಂದು ಅಟ್ಟ. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳು ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮಗ್ಗಿ, ವಾರ, ತಿಂಗಳು ಎಂದು ಕೂಗಿ ಹೇಳುತ್ತಿದ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ನಮ್ಮ ಮನೆಯಿಂದ ಮಾತ್ರ ಕೊಟ್ಟಿಗೆಯ ಎಮ್ಮೆ ಮೂಗುಸಿರು ಬಿಡುವ ಸದ್ದು. ಅವ್ವ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಕೈಮುಗಿದು ನಿಲ್ಲುವಳು. ಅವಳ ತುಟಿ ಸ್ವಲ್ಪ ಹೊತ್ತು ಅಲ್ಲಾಡುತ್ತಿತ್ತು, ಆಮೇಲೆ ತಟಕ್ಕನೆ ನಿಂತುಬಿಡುತ್ತಿತ್ತು. ಏನೋ ದೇವರ ಮಾತು ಇರಬೇಕು ಅಂದುಕೊಂಡಿದ್ದೆ. ಅಷ್ಟು ಹೊತ್ತೂ ಯಾರೂ ಅವಳನ್ನು ಮಾತನಾಡಿಸುವಂತಿರಲಿಲ್ಲ.

ಆ ಮನೆಯಲ್ಲಿ ಯಾವುದನ್ನೂ ಹೊಗಳಬಾರದಿತ್ತು. ಎಮ್ಮೆ ಬಿಂದಿಗೆ ತುಂಬ ಹಾಲು ಕರೆದರೂ ಅಪ್ಪ ‘ಏನೋ ಒಂದಿಷ್ಟು ಕೊಡ್ತು’ ಎನ್ನಬೇಕು. ರಾಗಿ ಕಣಜ ಮೀರಿ ಬಂದ ವರ್ಷವೂ ‘ಈ ಸಲ ಏನೂ ಇಲ್ಲ ಬಿಡಿ’ ಎಂದೇ ನೆಂಟರಿಗೆ ಹೇಳಬೇಕು. ಬಸ್ಸಾರು ಎಷ್ಟೇ ಚೆನ್ನಾಗಿದ್ದರೂ ನಮ್ಮಜ್ಜಿ ಮುದ್ದೆ ಮುರಿದು ಅದ್ದಿ, ನುಂಗಿ, ‘ಪರವಾಗಿಲ್ಲ’ ಅನ್ನುವಳು. ಒಂದು ಸಲ ಸೋದರಮಾವ ಬಂದವನು ಊಟ ಮಾಡುತ್ತ ‘ಆಹಾ, ಎಂಥಾ ಸಾರು ಮಾಡ್ತೀಯ ಕಣಕ್ಕ’ ಎಂದ. ಅವ್ವ ಎದ್ದು ಹೋಗಿ ಪಾತ್ರೆಯಲ್ಲಿದ್ದ ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿದು ಬಂದಳು. ಪಾಪ, ಅವನು ಆಮೇಲೆ ನಮ್ಮ ಮನೆಯಲ್ಲಿ ತಲೆ ಎತ್ತದೆ ಉಣ್ಣುತ್ತಿದ್ದ.

ಇದಕ್ಕೆಲ್ಲ ಕಾರಣ ನಾನು ನೋಡದ ನನ್ನ ಅಕ್ಕ. ಹೆಸರು ಗೌರಿ. ನಾನು ಹುಟ್ಟುವ ಮುಂಚೆಯೇ ಹೋಗಿಬಿಟ್ಟಿದ್ದಳು. ಅವಳ ಸ್ಲೇಟು, ಜರಿ ಅಂಚಿನ ಒಂದು ಲಂಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದ್ದವು. ಹಾಗಾಗಿ ಅಕ್ಕ ಅಟ್ಟದ ಮೇಲೆಯೇ ಇದ್ದಾಳೆ ಎಂದು ನಾನು ನಂಬಿದ್ದೆ. ಇಲಿ ಓಡಿದರೂ ಅಕ್ಕ ಮಗ್ಗುಲು ಬದಲಿಸಿದಳು ಅನ್ನಿಸುತ್ತಿತ್ತು. ಅವಳು ಬಲು ಚುರುಕಂತೆ. ಕೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳಂತೆ. ದಿನಾ ಸಂಜೆ ಜಗಲಿಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದರೆ ಮಾಗಡಿ ರಸ್ತೆಗೆ ಹೋಗುವ ಗಾಡಿಯವರು ನಿಂತು ಕೇಳುತ್ತಿದ್ದರಂತೆ. ಒಂದು ಸಂಜೆ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಬೀದಿಯ ಹೆಂಗಸರನ್ನೆಲ್ಲ ಕರೆದು ‘ಬನ್ರೇ ನಮ್ಮ ಗೌರೀನ ನೋಡ್ರೇ, ಸರಸ್ವತಿ ನಾಲಿಗೆ ಮೇಲೆ ಕೂತವ್ಳೆ’ ಅಂದಳು. ಅಕ್ಕ ಮಗ್ಗಿಯ ನಡುವೆ ನಿಲ್ಲಿಸಿ, ತಲೆನೋವು ಎಂದು ಒಳಗೆ ಹೋದಳು. ಜ್ವರ ಏರಿತು, ಇಳಿಯಲಿಲ್ಲ. ಅವ್ವ ಅತ್ತೆಯನ್ನು ಎಂದೂ ಕ್ಷಮಿಸಲಿಲ್ಲ. ಬಾಯಿಬಿಟ್ಟು ಬೈದದ್ದೂ ಇಲ್ಲ, ಆದರೆ ಅಜ್ಜಿಗೆ ತಟ್ಟೆ ಇಡುವಾಗ ಅವಳ ಮುಖ ನೋಡುತ್ತಿರಲಿಲ್ಲ. ಅಜ್ಜಿ ಆವತ್ತಿನಿಂದ ಏನನ್ನೂ ಚೆನ್ನಾಗಿದೆ ಎಂದವಳಲ್ಲ.

ಹಾಗಾಗಿ ನಾನು ಹುಟ್ಟಿದ ಕೂಡಲೇ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಉರುಳಿಸಿ ತಂದರು. ಕಸದಿಂದ ಎತ್ತಿಕೊಂಡು ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಲೆಕ್ಕ. ತಿಪ್ಪಮ್ಮ ಎಂದು ಹೆಸರಿಟ್ಟರು. ನಾನು ಮಾತು ಕಲಿಯುತ್ತಿದ್ದ ಹಾಗೇ ಅವ್ವ ಇನ್ನೊಂದು ಪಾಠವನ್ನೂ ಕಲಿಸಿದಳು.

“ಯಾರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನು. ಗೊತ್ತಿದ್ರೂ ಗೊತ್ತಿಲ್ಲ ಅನ್ನು. ತಿಳೀತಾ?”

“ಗೊತ್ತಿಲ್ಲವ್ವ.”

“ಹ್ಞಾ, ಹಂಗೆ.”

ನಗು ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ. ಗೊತ್ತು ಎಂಬ ಮಾತು ಬಾಯಿಗೆ ಬಂದರೆ ಅಟ್ಟದ ಮೇಲಿನವಳು ಕೈ ನೀಡಿ ನನ್ನನ್ನೂ ಮೇಲಕ್ಕೆಳೆದುಕೊಳ್ಳುತ್ತಾಳೆ ಎಂದು ನಾನು ನಿಜವಾಗಿ ಹೆದರಿದ್ದೆ. ಅದರ ಜೊತೆಗೆ ಅವಳ ಮೇಲೆ ಹೊಟ್ಟೆಕಿಚ್ಚೂ ಇತ್ತು. ಅವ್ವ ನನ್ನನ್ನು ಕರೆಯುವಾಗ ಒಮ್ಮೊಮ್ಮೆ ‘ಗೌ’ ಎಂದು ಶುರುಮಾಡಿ, ನುಂಗಿಕೊಂಡು, ‘ತಿಪ್ಪಿ’ ಅನ್ನುತ್ತಿದ್ದಳು. ಆ ನುಂಗಿದ ಅರ್ಧ ಹೆಸರು ನನ್ನ ಪೂರ್ತಿ ಹೆಸರಿಗಿಂತ ಮೆತ್ತಗಿರುತ್ತಿತ್ತು.

ಸ್ಕೂಲಿನಲ್ಲಿ ನಾನು ದಡ್ಡಿ ಎಂದೇ ಪ್ರಸಿದ್ಧಳು. ಎಬ್ಬಿಸಿ ಕೇಳಿದರೆ ಗೊತ್ತಿಲ್ಲ ಅನ್ನುವೆ, ಕೂರಿಸಿದರೆ ಕೂರುವೆ. ಸ್ಲೇಟಿನ ಮೇಲೆ ಲೆಕ್ಕ ಸರಿಯಾಗಿ ಮಾಡಿ, ಯಾರಾದರೂ ನೋಡುವ ಮುಂಚೆ ಅಂಗೈಯಿಂದ ಉಜ್ಜಿಬಿಡುವೆ. ಹಾಗೇ ನಡೆದುಹೋಗುತ್ತಿತ್ತೇನೋ, ಆ ವರ್ಷ ರುಕ್ಮಿಣಿ ಟೀಚರ್ ಬರದಿದ್ದರೆ. ಆಗ ರಾಜಾಜಿನಗರ ಇನ್ನೂ ಮೂಡುತ್ತಿತ್ತು. ನಮ್ಮ ಹೊಲಗಳ ಅಂಚಿನಲ್ಲೇ ಸೈಟಿನ ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಎಳೆದಿದ್ದರು. ಟೀಚರ್ ಅಲ್ಲಿನ ಒಂದು ಹೊಸ ಮನೆಯಿಂದ ಕಪ್ಪು ಕೊಡೆ ಹಿಡಿದು, ಸೀರೆಯ ಅಂಚಿಗೆಲ್ಲ ಕೆಂಧೂಳು ಮಾಡಿಕೊಂಡು ನಡೆದು ಬರುತ್ತಿದ್ದರು. ಸಣ್ಣ ದನಿ, ದಪ್ಪ ಕನ್ನಡಕ. ಕೈಯಲ್ಲಿ ಬೆತ್ತ ಇರಲಿಲ್ಲ. ಬೆತ್ತವಿಲ್ಲದ ಟೀಚರನ್ನು ನಾವು ನೋಡೇ ಇರಲಿಲ್ಲ.

ಬಂದ ಹೊಸದರಲ್ಲೇ ಅವರು ಎಲ್ಲರಿಗೂ ಒಂದೊಂದು ಹುಣಸೆ ಬೀಜ ತರಲು ಹೇಳಿದರು. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಬೇಕು, ಇನ್ನೊಂದನ್ನು ಕಂದಾಗಿಯೇ ಬಿಡಬೇಕು. ಚೌಕಾಬಾರಕ್ಕೆ ಮಾಡಿಕೊಳ್ಳುತ್ತಿದ್ದ ಬೀಜವೇ, ನಮಗೇನು ಹೊಸದಲ್ಲ. ಕ್ಲಾಸಿನಲ್ಲಿ ಆಟ ಆಡಿಸುತ್ತಾರೆಂದು ಎಲ್ಲರಿಗೂ ಖುಷಿ. ಅವರು ಆಡಿಸಿದ್ದು ಬೇರೆ ಆಟ. ಪಾಠ ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ, ಬೀಜವನ್ನು ನೆಲದ ಮೇಲಿಟ್ಟು ಅಂಗೈ ಮುಚ್ಚಬೇಕು.

“ಇವತ್ತು ನಾನು ನಿಮ್ಮನ್ನ ಎಬ್ಬಿಸಿ ಕೇಳಿದ್ದಿದ್ರೆ ಧೈರ್ಯವಾಗಿ ಹೇಳ್ತಿದ್ರಾ? ಹೇಳ್ತಿದ್ದೆ ಅನ್ನೋರು ಬಿಳೀದು ಮೇಲೆ ಮಾಡಿ. ಭಯ ಆಗ್ತಿತ್ತು ಅನ್ನೋರು ಕಂದು ಮೇಲೆ ಮಾಡಿ. ಯಾರ ಬೀಜಾನೂ ಯಾರೂ ನೋಡಬಾರದು. ನಾನೊಬ್ಬಳೇ ನೋಡ್ತೀನಿ. ಬೈಯಲ್ಲ.”

ಅವರು ಸಾಲಿನ ನಡುವೆ ನಡೆಯುತ್ತ, ಒಬ್ಬೊಬ್ಬರ ಬೆರಳನ್ನು ಮೆಲ್ಲಗೆ ಎತ್ತಿ ನೋಡುತ್ತಿದ್ದರು. ಮಾರನೇ ದಿನ ಕಂದು ಬೀಜದವರನ್ನು ಹತ್ತಿರ ಕೂರಿಸಿಕೊಂಡು ಕೇಳುತ್ತಿದ್ದರು, ಭಯ ಎಲ್ಲಿ ಆಯ್ತು, ಹೊಟ್ಟೆಯಲ್ಲಾ, ಗಂಟಲಲ್ಲಾ? ಒಬ್ಬಳು ಮೊಣಕಾಲಿನಲ್ಲಿ ಅಂದಳು. ಟೀಚರ್ ನಗಲಿಲ್ಲ. ಹಾಗಾದರೆ ಕೂತುಕೊಂಡೇ ಹೇಳು ಎಂದರು. ಅವಳು ಕೂತುಕೊಂಡು ಗಡಗಡ ಹೇಳಿಬಿಟ್ಟಳು. ನನ್ನದು ದಿನವೂ ಕಂದು. ಕಣ್ಣು ಮುಚ್ಚಿ ಅಂಗೈ ಊರಿದಾಗ, ನನ್ನ ಅಂಗೈಯ ಅಡಿಯಲ್ಲಿ ಇನ್ನೊಂದು ತಣ್ಣಗಿನ ಕೈ ಇದ್ದಂತೆ ಅನ್ನಿಸುತ್ತಿತ್ತು. ಅದು ಬೀಜವನ್ನು ಬಿಳಿ ಮೇಲೆ ಮಾಡು ಎಂದು ತಳ್ಳುತ್ತಿತ್ತು. ನಾನು ಹಲ್ಲು ಕಚ್ಚಿ ಒತ್ತಿ ಹಿಡಿಯುತ್ತಿದ್ದೆ.

ಒಂದು ದಿನ ಸ್ಲೇಟು ಉಜ್ಜುವ ಮುಂಚೆ ಟೀಚರ್ ನನ್ನ ಹಿಂದೆ ನಿಂತಿದ್ದರು.

“ಲೆಕ್ಕ ಎಲ್ಲಾ ಸರಿಯಾಗಿದೆಯಲ್ಲ ತಿಪ್ಪಮ್ಮ. ದಿನಾ ಕಂದು ಬೀಜ ಯಾಕೆ ಇಡ್ತೀಯ?”

“ಗೊತ್ತಿಲ್ಲ ಟೀಚರ್.”

“ಭಯ ಎಲ್ಲಾಗುತ್ತೆ?”

ಬೇರೆ ಯಾರು ಕೇಳಿದ್ದರೂ ಗೊತ್ತಿಲ್ಲ ಅನ್ನುತ್ತಿದ್ದೆ. ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

“ಅಟ್ಟದ ಮೇಲೆ” ಅಂದೆ.

ಆ ಹೊತ್ತಿಗೆ ವರ್ಷದ ಪರೀಕ್ಷೆ ಹತ್ತಿರವಾಗಿತ್ತು. ಬರೆಯುವುದರ ಜೊತೆಗೆ ಬಾಯಿಪರೀಕ್ಷೆಯೂ ಇತ್ತು. ಹೆಡ್‌ಮಾಸ್ಟರ್ ಕ್ಲಾಸಿಗೆ ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ ಮಗ್ಗಿ ಕೇಳುವರು. ಬಾಯಿ ಬಿಡದಿದ್ದರೆ ಫೇಲು. ನಾನು ಒಂದು ಸಲ ಫೇಲಾಗಿ ಅದೇ ಕ್ಲಾಸಿನಲ್ಲಿ ಕೂತವಳು. ಅಪ್ಪ ಊಟದ ಹೊತ್ತಿನಲ್ಲಿ ಹೇಳಿಬಿಟ್ಟಿದ್ದ.

“ಈ ಸಲಾನೂ ಹೋದ್ರೆ ಸ್ಕೂಲು ಸಾಕು. ಮಾರ್ಕೆಟ್ಟಿಗೆ ಸೊಪ್ಪು ಕಟ್ಟೋಕೆ ಕೈ ಬೇಕು ನಂಗೆ.”

“ಸಾಕು ಅಂದ್ರೆ ಸಾಕು” ಎಂದಳು ಅವ್ವ, ನೆಮ್ಮದಿಯಿಂದ.

ಅಜ್ಜಿ ಮಾತ್ರ ಮೂಲೆಯಿಂದ ಗೊಣಗಿದಳು. “ಇರೋ ಒಂದು ಮಗೂನೂ ಮೂಗಿ ಮಾಡಿಬಿಟ್ಟೆ ಕಣೆ.”

“ಮೂಗಿ ಆದ್ರೂ ಕಣ್ಮುಂದೆ ಓಡಾಡ್ಕೊಂಡಿರ್ತಾಳೆ” ಎಂದಳು ಅವ್ವ. ನನಗೆ ಸ್ಕೂಲು ಬೇಕಾಗಿತ್ತು. ಬೇಕು ಎಂದು ಹೇಳಲು ಆ ಮನೆಯಲ್ಲಿ ಮಾತಿರಲಿಲ್ಲ.

ಒಂದು ಮಧ್ಯಾಹ್ನ ಟೀಚರ್ ಮನೆಗೇ ಬಂದರು. ಅವ್ವ ಜಗಲಿಯ ಮೇಲೆ ಅವರೆಕಾಳು ಹಿತಕುತ್ತಿದ್ದಳು. ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಟೀಚರ್ ಒಂದು ಗುಟುಕು ಕುಡಿದು, ಎಲ್ಲ ಟೀಚರುಗಳೂ ಎಲ್ಲ ತಾಯಂದಿರ ಹತ್ತಿರವೂ ಹೇಳುವ ಒಳ್ಳೆಯ ಮಾತನ್ನೇ ಹೇಳಿದರು.

“ನಿಮ್ಮ ಮಗಳು ಬಹಳ ಜಾಣೆ ಅಮ್ಮ.”

ಅವ್ವನ ಕೈ ನಿಂತಿತು. ಎದ್ದು ಒಳಗೆ ಹೋದಳು. ಹಿಡಿಯಲ್ಲಿ ಉಪ್ಪು ಮೆಣಸಿನಕಾಯಿ ತಂದು, ನನ್ನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ನೀವಾಳಿಸಿದಳು.

“ಆ ಮಾತು ವಾಪಸ್ ತಗೊಳ್ಳಿ ತಾಯಿ. ನಿಮ್ಮ ಕಾಲು ಹಿಡೀತೀನಿ, ವಾಪಸ್ ತಗೊಳ್ಳಿ.”

ಟೀಚರಿಗೆ ದಿಕ್ಕು ತೋಚಲಿಲ್ಲ. ಆದರೂ ಒಂದು ಪ್ರಶ್ನೆಯನ್ನೂ ಕೇಳದೆ ಲೋಟ ಕೆಳಗಿಟ್ಟು, “ತಗೊಂಡೆ ಅಮ್ಮ. ವಾಪಸ್ ತಗೊಂಡೆ” ಎಂದರು. ಆಮೇಲೆ ಅವ್ವ ಕೂತು, ಅಳದೆ, ಕಾಳು ಹಿತಕುತ್ತಲೇ ಅಕ್ಕನ ಕಥೆಯನ್ನೆಲ್ಲ ಹೇಳಿದಳು. ನಾನು ಅದನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಒಳಗಿನ ಬಾಗಿಲ ಹಿಂದೆ ಅಜ್ಜಿ ನಿಂತಿದ್ದಳು. ಅವಳ ಸೀರೆಯ ತುದಿ ಕಾಣುತ್ತಿತ್ತು.

ದೃಷ್ಟಿ ಗಿಷ್ಟಿ ಎಲ್ಲ ಮೂಢನಂಬಿಕೆ ಎಂದು ಟೀಚರ್ ಭಾಷಣ ಮಾಡಬಹುದಿತ್ತು. ನಾನು ಆಮೇಲೆ ಟೀಚರಾಗಿ ಎಷ್ಟೋ ತಾಯಂದಿರಿಗೆ ಅಂಥ ಭಾಷಣ ಮಾಡಿದ್ದೇನೆ, ಒಂದೂ ಉಪಯೋಗಕ್ಕೆ ಬಂದಿಲ್ಲ. ರುಕ್ಮಿಣಿ ಟೀಚರ್ ಮಾತ್ರ ವ್ಯಾಪಾರಕ್ಕೆ ಕೂತವರ ಹಾಗೆ ಶುರುಮಾಡಿದರು.

“ಕಣ್ಣು ಬೀಳೋದು ಹೊಗಳಿದ್ರೆ ತಾನೆ?”

“ಹೂಂ ತಾಯಿ.”

“ಹಂಗಾದ್ರೆ ನಾನು ಹೊಗಳಲ್ಲ. ಇವಳು ನನ್ನ ಕ್ಲಾಸಲ್ಲಿ ಇರೋವರೆಗೂ ಶಹಭಾಸ್ ಅನ್ನಲ್ಲ, ಜಾಣೆ ಅನ್ನಲ್ಲ. ಬೇರೆಯವರಿಗೂ ಅನ್ನೋಕೆ ಬಿಡಲ್ಲ. ಇವಳು ಗೊತ್ತಿರೋದನ್ನ ಹೇಳ್ಲಿ. ನಾನು ‘ಸರಿ, ಕೂತ್ಕೋ’ ಅಂತೀನಿ. ಅಷ್ಟೇ. ಅವಳಿಗೆ ಎಷ್ಟು ಬರುತ್ತೆ ಅನ್ನೋದು ಅವಳಿಗೆ ಗೊತ್ತಿದ್ರೆ ಸಾಕು.”

ಅವ್ವ ತಲೆ ತಗ್ಗಿಸಿ ಕಾಳನ್ನು ಬೆರಳಲ್ಲಿ ಕೆದಕಿದಳು. ಅವಳ ಬಟ್ಟಲಿನಲ್ಲಿ ಸಿಪ್ಪೆಯೂ ಬೇಳೆಯೂ ಬೆರೆತುಹೋಗಿದ್ದವು.

“ಒಂದು ಮಾತು. ಹತ್ತೊಂಬತ್ತರ ಮಗ್ಗಿ ಮಾತ್ರ ಬೇಡ. ಆವತ್ತು ಅವಳು ಹೇಳ್ತಾ ಇದ್ದಿದ್ದು ಅದೇಯ.”

ಟೀಚರ್ ಒಪ್ಪಿದರು. ಮಾರನೇ ದಿನ ನಾನು ಮೊದಲ ಸಲ ಎದ್ದು ನಿಂತು ಒಂದು ಲೆಕ್ಕಕ್ಕೆ ಉತ್ತರ ಹೇಳಿದೆ. ‘ಸರಿ, ಕೂತ್ಕೋ’ ಎಂದರು. ಅಷ್ಟು ಒಣ ಮಾತನ್ನು ನಾನು ಇಡೀ ದಿನ ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಇಟ್ಟುಕೊಂಡಿದ್ದೆ. ಬೀಜ ಬಿಳಿಯಾಗಲು ಇನ್ನೂ ಕೆಲವು ದಿನ ಬೇಕಾಯಿತು. ಪಕ್ಕದವರನ್ನೆಲ್ಲ ಹೊಗಳಿ ನನ್ನನ್ನು ಬಿಟ್ಟುಬಿಡುವಾಗ ಬೇಜಾರಾಗುತ್ತಿತ್ತು, ಅದೂ ನಿಜ. ಆದರೆ ಯಾರೂ ಹೇಳದಿದ್ದ ಮೇಲೆ ನನಗೆ ನಾನೇ ಕೇಳಿಕೊಳ್ಳಬೇಕಾಯಿತು, ಬಂತಾ ತಿಪ್ಪಿ, ನಿಜವಾಗಿ ಬಂತಾ? ಬಂದಿದ್ದರೆ ಬಂದಿದೆ ಎಂದು ಅಂಗೈಗೆ ತಿಳಿಯುತ್ತಿತ್ತು. ತಣ್ಣಗಿನ ಕೈ ಅಡಿಯಲ್ಲಿ ಇದ್ದೇ ಇತ್ತು, ಈಗ ತಳ್ಳುತ್ತಿರಲಿಲ್ಲ.

ಬಾಯಿಪರೀಕ್ಷೆಯ ಬೆಳಿಗ್ಗೆ ಅವ್ವ ನನ್ನ ಕೆನ್ನೆಗೆ ಕಾಸಗಲ ಕಪ್ಪು ಬೊಟ್ಟು ಇಟ್ಟಳು. ಹಣೆ ಮುಟ್ಟಿ ನೋಡಿದಳು. ಹೆಡ್‌ಮಾಸ್ಟರು ಕೋಟು ಪೇಟದಲ್ಲಿ ಬಂದು ಕುರ್ಚಿಯಲ್ಲಿ ಕೂತು, ಹದಿಮೂರರಿಂದ ಇಪ್ಪತ್ತರೊಳಗೆ ಮನಸ್ಸಿಗೆ ಬಂದ ಮಗ್ಗಿ ಕೇಳುತ್ತ ಹೋದರು. ನನ್ನ ಸರದಿ ಬಂದಾಗ ನನ್ನ ಬೊಟ್ಟು ನೋಡಿ ನಕ್ಕರು.

“ಏನಮ್ಮ, ಹೋದ ವರ್ಷ ಮೌನವ್ರತ ಮಾಡಿದ್ದೆಯಲ್ಲ? ಎಲ್ಲಿ, ಹತ್ತೊಂಬತ್ತರದ್ದು ಹೇಳು ನೋಡೋಣ.”

“ಸಾರ್, ಬೇರೆ ಯಾವುದಾದರೂ ಕೇಳಿ” ಎಂದರು ಟೀಚರ್ ಥಟ್ಟನೆ.

“ಯಾಕ್ರೀ, ಬರಲ್ವಾ?”

ಟೀಚರ್ ನನ್ನ ಕಡೆ ನೋಡಿದರು. ಬರುತ್ತದೆ ಅನ್ನಬೇಕಾದವಳೂ ನಾನೇ, ಬರುವುದಿಲ್ಲ ಅನ್ನಬೇಕಾದವಳೂ ನಾನೇ. ಬರುತ್ತಿತ್ತು. ಕ್ಲಾಸಿನಲ್ಲಿ ಬೇರೆಯವರು ಹೇಳುವಾಗ ಕೇಳಿ ಕೇಳಿ, ನಾನು ಬೇಡವೆಂದರೂ ಬಂದುಬಿಟ್ಟಿತ್ತು. ಬರಲ್ಲ ಅಂದರೆ ಸ್ಕೂಲು ಮುಗಿಯಿತು. ಹೇಳಿದರೆ ಏನು ಮುಗಿಯುತ್ತದೋ. ಎದ್ದು ನಿಂತೆ. ಹತ್ತೊಂಬತ್ತೊಂದ್ಲ ಹತ್ತೊಂಬತ್ತು ಎಂದು ಶುರುಮಾಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಗಟ್ಟಿಯಾಗಿತ್ತು. ನನಗಿಂತ ಒಂದು ಉಸಿರು ಮುಂದೆ ಇನ್ನೊಂದು ದನಿ ಹೇಳಿಕೊಂಡು ಹೋಗುತ್ತಿದ್ದ ಹಾಗಿತ್ತು, ನಾನು ಅದರ ಹಿಂದೆ ನಡೆಯುತ್ತಿದ್ದೆ. ನಾಲ್ಕು, ಐದು ದಾಟಿದೆ. ಹತ್ತೊಂಬತ್ತಾರ್ಲ ನೂರ ಹದಿನಾಲ್ಕು ಎಂದು ತಲೆಯೆತ್ತಿದರೆ, ಕಿಟಕಿಯ ಕಂಬಿಯ ಆಚೆ ಅವ್ವ ನಿಂತಿದ್ದಳು. ತಲೆಯ ಮೇಲೆ ಸೆರಗು. ನನ್ನನ್ನು ತಡೆಯಲು ಬಂದಿದ್ದಳೋ, ಕಾಯಲು ಬಂದಿದ್ದಳೋ, ಅವಳಿದ್ದಷ್ಟು ಕಾಲವೂ ನಾನು ಕೇಳಲಿಲ್ಲ.

“ಹತ್ತೊಂಬತ್ತೇಳ್ಲ” ಎಂದೆ. ನಿಂತುಹೋದೆ. ಮುಂದಿದ್ದ ದನಿಯೂ ನಿಂತುಹೋಯಿತು. ಅವ್ವನ ತುಟಿ ಅಲ್ಲಾಡುತ್ತಿತ್ತು, ದೀಪದ ಮುಂದೆ ಅಲ್ಲಾಡುವ ಹಾಗೆಯೇ. ಆಗ ನನಗೆ ತಿಳಿಯಿತು. ಇಷ್ಟು ವರ್ಷ ಅವಳು ದಿನಾ ಸಂಜೆ ಹೇಳುತ್ತಿದ್ದದ್ದು ದೇವರ ಮಾತಲ್ಲ.

“ನೂರ ಮೂವತ್ಮೂರು” ಎಂದಳು ಅವ್ವ ಕಿಟಕಿಯಿಂದ. ಮನೆಯಲ್ಲಿ ಎಮ್ಮೆಗೆ ಹುಲ್ಲು ಹಾಕು ಎಂದು ಹೇಳುವ ದನಿಯಲ್ಲೇ. “ಮುಂದಕ್ಕೆ ಹೇಳು.”

ಹೇಳಿದೆ. ಎಂಟು, ಒಂಬತ್ತು, ಹತ್ತು. ಕೊನೆಯ ಮೂರಕ್ಕೆ ಜೊತೆಗೆ ಯಾರೂ ಇರಲಿಲ್ಲ, ನಾನೊಬ್ಬಳೇ ಹೇಳಿದೆ. ಹೆಡ್‌ಮಾಸ್ಟರು ಮುಖ ಅರಳಿಸಿ “ಶಹಭಾ” ಎನ್ನುತ್ತಿದ್ದ ಹಾಗೇ ಟೀಚರ್ ಅಡ್ಡ ಬಂದರು. ತಮ್ಮ ಮೇಲಿನವರ ಮಾತನ್ನು ಆ ಸಾಧು ಹೆಂಗಸು ಕತ್ತರಿಸಿದ್ದು ಅದೊಂದೇ ಸಲ ಇರಬೇಕು.

“ಸರಿ, ಕೂತ್ಕೋ” ಎಂದರು. ಅವರ ಕನ್ನಡಕ ಒದ್ದೆಯಾಗಿತ್ತು. ಕಿಟಕಿಯಲ್ಲಿ ಅವ್ವ ಇರಲಿಲ್ಲ.

ಮನೆಗೆ ಬಂದರೆ ಉಪ್ಪು ಮೆಣಸಿನಕಾಯಿ ಕಾದಿತ್ತು. ನೀವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು. ಘಾಟು ಬಂದರೆ ದೃಷ್ಟಿ ಇಲ್ಲ ಎಂದು ಲೆಕ್ಕ. ಆದರೂ ನನ್ನ ಹಣೆ ಮುಟ್ಟುತ್ತಲೇ ಇದ್ದಳು, ಹಿಟ್ಟಿನ ಕೈಯಲ್ಲಿ, ಸಗಣಿ ಬಾಚಿ ತೊಳೆದ ಕೈಯಲ್ಲಿ. ನನಗೂ ಹೆದರಿಕೆಯೇ. ತಲೆನೋವು ಬಂತಾ ಎಂದು ನನ್ನ ತಲೆಯನ್ನೇ ಕೇಳಿಕೊಳ್ಳುತ್ತಿದ್ದೆ. ಅಜ್ಜಿ ನನ್ನ ಪಕ್ಕ ಬಂದು ಕೂತು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಬರೀ ಬೆನ್ನು ಸವರಿದಳು. ಅವಳಿಗೆ ಎಷ್ಟು ಆಸೆಯಾಗಿತ್ತೋ ಒಂದು ಮಾತು ಅನ್ನಲು.

ಹೊತ್ತು ಮುಳುಗಿತು. ಜ್ವರ ಬರಲಿಲ್ಲ. ಅವ್ವ ದೀಪ ಹಚ್ಚಿ ಕೈಮುಗಿದು ನಿಂತಳು. ತುಟಿ ಅಲ್ಲಾಡಿತು, ಅಲ್ಲಿಗೇ ಬಂದು ತಟಕ್ಕನೆ ನಿಂತಿತು. ನಾನು ನೋಡುತ್ತ ಕೂತಿದ್ದೆ. ಅವಳು ತಿರುಗದೆಯೇ ಕೇಳಿದಳು.

“ಎಂಟಕ್ಕೆ ಎಷ್ಟೇ?”

ನಾನು ಬೆಚ್ಚಿದೆ.

“ಅವಳು ಅಷ್ಟೇ ಹೇಳಿದ್ದು ಕಣೆ. ಏಳಕ್ಕೇ ಎದ್ದುಹೋದ್ಲು. ಮುಂದಿಂದು ನಂಗೆ ಬರಲ್ಲ. ಆವತ್ತಿಂದ ಅಲ್ಲೇ ನಿಂತಿದೀನಿ.” ಮತ್ತೆ ಕೇಳಿದಳು. “ಎಂಟಕ್ಕೆ ಎಷ್ಟು ಅಂತ ಗೊತ್ತಾ ನಿಂಗೆ? ನಿಜವಾಗ್ಲೂ ಗೊತ್ತಾ?”

ಅಟ್ಟದ ಮೇಲೆ ಏನೂ ಅಲುಗಲಿಲ್ಲ.

“ಗೊತ್ತು ಕಣವ್ವ” ಎಂದೆ. ಆ ಮನೆಯೊಳಗೆ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಅವಳು ಬಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು, ಪಾಠಕ್ಕೆ ಕೂರುವ ಮಗುವಿನ ಹಾಗೆ.

“ಮೆಲ್ಲಗೆ ಹೇಳು” ಎಂದಳು. “ನಾನೂ ಹೇಳ್ತೀನಿ.”